ಪುಸ್ತಕಗಳಿಗೆ ವಂಶಾವಳಿ ಬರೆದ ಮಂಗಳೂರಿನ ಗಣಿತ ಉಪನ್ಯಾಸಕ

ಮಂಗಳೂರು: ಹಂಪನಕಟ್ಟೆಯ ಸರಕಾರಿ ಕಾಲೇಜಿಗೆ 1917ರಲ್ಲಿ ಗಣಿತದ ಉಪನ್ಯಾಸಕರಾಗಿ ತಂಜಾವೂರು ಜಿಲ್ಲೆಯ ಯುವಕರೊಬ್ಬರು ಬಂದರು. ಪ್ರಾಯ 25. ಆಗ ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಕಾರಣ ಮದ್ರಾಸಿನಲ್ಲಿ ಓದಿದವರಿಗೆ ಮಂಗಳೂರಿನಲ್ಲಿ ಸರಕಾರಿ ಉದ್ಯೋಗ ದೊರೆಯುವುದು ಸಾಮಾನ್ಯ ಸಂಗತಿಯಾಗಿತ್ತು. ಮೂರು ವರ್ಷ ಇಲ್ಲಿ ಪಾಠ ಹೇಳಿ 1920ರಲ್ಲಿ ಕೊಯಮತ್ತೂರಿಗೆ ವರ್ಗವಾಗಿ ಹೋದ ಆ ಯುವಕರೇ ಮುಂದೆ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಹೆಸರಾದ ಶಿಯಾಳಿ ರಾಮಾಮೃತ ರಂಗನಾಥನ್.

ಅವರು ನಿಧನರಾಗಿ ಅರ್ಧ ಶತಮಾನ ಕಳೆದಿದೆ. ಗ್ರಂಥಪಾಲಕರ ವಲಯದ ಹೊರಗೆ ಅವರ ಹೆಸರು ಈಗ ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ಅವರು ಜೀವಮಾನವಿಡೀ ಬಿಡಿಸಲು ಯತ್ನಿಸಿದ ಸಮಸ್ಯೆಯು ಇಂದು ಮಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ, ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಬೇರೊಂದು ವೇಷದಲ್ಲಿ ಪ್ರತಿದಿನ ಎದುರಾಗುತ್ತಿದೆ. ಒಂದೇ ಕುಲಕ್ಕೆ ಸೇರಿದ, ಆದರೆ ಗುಣದಲ್ಲಿ ಭಿನ್ನವಾದ ವಸ್ತುಗಳ ವಿವರವನ್ನು ಹೇಗೆ ದಾಖಲಿಸಬೇಕು? ಎಲ್ಲಕ್ಕೂ ಸಮಾನವಾದುದನ್ನು ಒಂದೆಡೆ ಇರಿಸಬೇಕೇ, ಪ್ರತಿಯೊಂದರ ಜತೆಗೂ ಇರಿಸಬೇಕೇ? ವೆಬ್ ಫ್ರೇಮ್‌ವರ್ಕ್ ಬಳಸುವ ತಂತ್ರಜ್ಞರು ಇದನ್ನು ಮಾಡೆಲ್ ಇನ್‌ಹೆರಿಟೆನ್ಸ್ ಎನ್ನುತ್ತಾರೆ. ರಂಗನಾಥನ್ ಇದನ್ನು ವರ್ಗೀಕರಣವೆಂದು ಕರೆದರು.

ಶಿಯಾಳಿಯಿಂದ ಮಂಗಳೂರಿಗೆ

ರಂಗನಾಥನ್ ಹುಟ್ಟಿದ್ದು 1892ರ ಆಗಸ್ಟ್‌ನಲ್ಲಿ, ಇಂದಿನ ತಮಿಳುನಾಡಿನ ಶಿಯಾಳಿಯಲ್ಲಿ. ತಂದೆ ರಾಮಾಮೃತ ಅಯ್ಯರ್ ಸಣ್ಣ ಹಿಡುವಳಿದಾರರು. ಊರಿನ ಜನರನ್ನು ಕೂರಿಸಿಕೊಂಡು ರಾಮಾಯಣ ಪ್ರವಚನ ಮಾಡುತ್ತಿದ್ದವರು. ಮಗನಿಗೆ ಆರು ವರ್ಷವಾಗಿದ್ದಾಗಲೇ ಅವರು ತೀರಿಕೊಂಡರು. ಬಾಲ್ಯದಲ್ಲಿ ಕಾಡಿದ ಉಗ್ಗನ್ನು ಮೀರಿ ರಂಗನಾಥನ್ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಸೇರಿದರು. ಅಲ್ಲಿ ಗಣಿತದ ಪ್ರಾಧ್ಯಾಪಕ ಎಡ್ವರ್ಡ್ ರಾಸ್ ಅವರ ಪ್ರಭಾವಕ್ಕೆ ಒಳಗಾದರು. 1913ರಲ್ಲಿ ಬಿ.ಎ., 1916ರಲ್ಲಿ ಎಂ.ಎ. ಪದವಿ ಪಡೆದು, ಸೈದಾಪೇಟೆಯ ಶಿಕ್ಷಕರ ಕಾಲೇಜಿನಲ್ಲಿ ಬೋಧನೆಯ ತರಬೇತಿಯನ್ನೂ ಮುಗಿಸಿದರು. ಅದರ ಬೆನ್ನಿಗೇ ಮಂಗಳೂರಿನ ನೇಮಕಾತಿ ಬಂತು.

1868ರಲ್ಲಿ ಆರಂಭವಾದ ಮಂಗಳೂರಿನ ಆ ಸರಕಾರಿ ಕಾಲೇಜು ಇಂದು ವಿಶ್ವವಿದ್ಯಾನಿಲಯ ಕಾಲೇಜೆಂಬ ಹೆಸರಿನಲ್ಲಿ ಮುಂದುವರಿದಿದೆ. ರಂಗನಾಥನ್ ಅವರ ಬೋಧನಾ ವೃತ್ತಿ ಮೊದಲಾದುದು ಇಲ್ಲಿಯೇ. ಟಿಪ್ಪಣಿ ಬರೆಯಿಸಿ ಬಾಯಿಪಾಠ ಮಾಡಿಸುವ ಕ್ರಮವು ಅವರಿಗೆ ಒಗ್ಗುತ್ತಿರಲಿಲ್ಲ. ವಿದ್ಯಾರ್ಥಿಯು ತಾನೇ ಯೋಚಿಸಿ, ತಾನೇ ಪುಸ್ತಕ ಹುಡುಕಿ ಕಲಿಯಬೇಕೆಂಬುದು ಅವರ ಮತ. ಗಣಿತದ ಇತಿಹಾಸದಲ್ಲಿ ಅವರಿಗೆ ವಿಶೇಷ ಆಸಕ್ತಿಯಿತ್ತು. ಕೊಯಮತ್ತೂರಿನ ಬಳಿಕ 1921ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದಾಗಲೂ ತಾವು ಕೊನೆಯವರೆಗೆ ಗಣಿತದ ಮೇಷ್ಟ್ರಾಗಿಯೇ ಇರುವವರೆಂದು ಅವರು ನಂಬಿದ್ದರು.

ಒಲ್ಲದ ಮನಸ್ಸಿನ ಗ್ರಂಥಪಾಲಕ

ಮದ್ರಾಸ್ ವಿಶ್ವವಿದ್ಯಾನಿಲಯವು ತನ್ನ ಗ್ರಂಥಾಲಯಕ್ಕೆ ಪೂರ್ಣಾವಧಿ ಗ್ರಂಥಪಾಲಕರನ್ನು ನೇಮಿಸಲು ನಿರ್ಧರಿಸಿದಾಗ ಸ್ನೇಹಿತರ ಒತ್ತಾಯಕ್ಕೆ ಅರ್ಜಿ ಹಾಕಿದವರು ರಂಗನಾಥನ್. ಉಪನ್ಯಾಸಕರ ವೇತನಕ್ಕಿಂತ ಆ ಹುದ್ದೆಯ ವೇತನ ಹೆಚ್ಚಿತ್ತು. ಗ್ರಂಥಾಲಯದ ಬಗ್ಗೆ ಅವರಿಗಿದ್ದ ತಿಳಿವಳಿಕೆಯೆಲ್ಲ ಸಂದರ್ಶನಕ್ಕೆ ಮುನ್ನ ವಿಶ್ವಕೋಶದಲ್ಲಿ ಓದಿಕೊಂಡ ಲೇಖನದಷ್ಟೇ. 1924ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡರು. ತರಗತಿಯ ಗದ್ದಲಕ್ಕೆ ಹೊಂದಿಕೊಂಡಿದ್ದ ಮನಸ್ಸಿಗೆ ಓದುಗರಿಲ್ಲದ ಆ ಕೊಠಡಿಯ ಮೌನ ಸಹ್ಯವಾಗಲಿಲ್ಲ. ಕೆಲವೇ ದಿನಗಳಲ್ಲಿ ತಮ್ಮನ್ನು ಬೋಧನೆಗೆ ಮರಳಿ ಕಳುಹಿಸುವಂತೆ ಬೇಡಿಕೊಂಡರು. ಲಂಡನ್ನಿಗೆ ಹೋಗಿ ಗ್ರಂಥಾಲಯದ ಕೆಲಸವನ್ನು ಕಂಡು ಬರುವಂತೆ, ಆಮೇಲೂ ಮನಸ್ಸು ಒಪ್ಪದಿದ್ದರೆ ಕಾಲೇಜಿಗೆ ಮರಳುವಂತೆ ಅವರಿಗೆ ಸೂಚಿಸಲಾಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ಗುರುವಾಗಿ ದೊರೆತವರು ಕ್ರಾಯ್ಡನ್ ನಗರದ ಮುಖ್ಯ ಗ್ರಂಥಪಾಲಕ ಬರ್ವಿಕ್ ಸೇಯರ್ಸ್. ಅಲ್ಲಿದ್ದ ಅವಧಿಯಲ್ಲಿ ರಂಗನಾಥನ್ ನೂರಕ್ಕೂ ಅಧಿಕ ಗ್ರಂಥಾಲಯಗಳನ್ನು ಸಂದರ್ಶಿಸಿದರು. ಮಕ್ಕಳು, ಕಾರ್ಮಿಕರು, ಗೃಹಿಣಿಯರು ಪುಸ್ತಕಕ್ಕಾಗಿ ಬಂದು ಹೋಗುವುದನ್ನು ಕಂಡರು. ಗ್ರಂಥಾಲಯವು ಪುಸ್ತಕದ ಉಗ್ರಾಣವಲ್ಲ, ಸಮಾಜದ ಶಾಲೆ ಎಂಬುದು ಅವರಿಗೆ ಮನವರಿಕೆಯಾಯಿತು. ಆದರೆ ಅಲ್ಲಿ ಬಳಕೆಯಲ್ಲಿದ್ದ ವರ್ಗೀಕರಣ ಪದ್ಧತಿಗಳು ಅವರ ಗಣಿತದ ಬುದ್ಧಿಗೆ ತೃಪ್ತಿ ನೀಡಲಿಲ್ಲ.

ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯು ಜ್ಞಾನವನ್ನೆಲ್ಲ ಹತ್ತು ಕೊಂಬೆಗಳಾಗಿ, ಪ್ರತಿ ಕೊಂಬೆಯನ್ನು ಹತ್ತು ರೆಂಬೆಗಳಾಗಿ ಒಡೆಯುವ ಮರ. ಪ್ರತಿ ವಿಷಯಕ್ಕೂ ಮೊದಲೇ ಗೊತ್ತುಪಡಿಸಿದ ಒಂದು ಸ್ಥಾನ. ಪಟ್ಟಿಯಲ್ಲಿ ಇಲ್ಲದ ವಿಷಯದ ಪುಸ್ತಕ ಬಂದರೆ ಅದಕ್ಕೆ ಸ್ಥಳವಿಲ್ಲ. ಎರಡು ಕೊಂಬೆಗೆ ಸೇರಿದ ಪುಸ್ತಕ ಬಂದರೆ ಒಂದು ಸಂಬಂಧವನ್ನು ಕಡಿಯಲೇಬೇಕು.

ಆಟಿಕೆ ಅಂಗಡಿಯಲ್ಲಿ ಹೊಳೆದ ಉಪಾಯ

ಲಂಡನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಮೆಕ್ಯಾನೋ ಎಂಬ ಆಟಿಕೆಯ ಪ್ರದರ್ಶನ ನಡೆಯುತ್ತಿತ್ತು. ತೂತುಗಳುಳ್ಳ ಕೆಲವೇ ಲೋಹದ ಪಟ್ಟಿಗಳು, ಗಾಲಿಗಳು, ನಟ್ಟು ಬೋಲ್ಟುಗಳು. ಅವನ್ನೇ ಜೋಡಿಸಿ ಒಮ್ಮೆ ಕ್ರೇನು, ಇನ್ನೊಮ್ಮೆ ಗಾಡಿ, ಮತ್ತೊಮ್ಮೆ ಸೇತುವೆ ಮಾಡಬಹುದು. ವಿಷಯಗಳಿಗೂ ಹೀಗೆಯೇ ಸಿದ್ಧ ಬಿಡಿಭಾಗಗಳನ್ನಷ್ಟೇ ಮಾಡಿಟ್ಟು, ಪುಸ್ತಕ ಕೈಗೆ ಬಂದಾಗ ಜೋಡಿಸಿಕೊಂಡರೆ ಆಗದೇ ಎಂಬ ಯೋಚನೆ ಅವರಿಗೆ ಅಲ್ಲಿ ಹೊಳೆಯಿತು. ನಟ್ಟು ಬೋಲ್ಟಿನ ಬದಲು ಅವರು ಆರಿಸಿಕೊಂಡದ್ದು ದ್ವಿಬಿಂದು ಚಿಹ್ನೆಯನ್ನು. 1925ರಲ್ಲಿ ಹಡಗಿನಲ್ಲಿ ಊರಿಗೆ ಮರಳುವಾಗ ಆ ಹಡಗಿನ ಪುಸ್ತಕಗಳ ಮೇಲೆಯೇ ತಮ್ಮ ಕರಡನ್ನು ಪ್ರಯೋಗಿಸಿ ನೋಡಿದರು. ಎಂಟು ವರ್ಷಗಳ ಬಳಿಕ, 1933ರಲ್ಲಿ, ದ್ವಿಬಿಂದು ವರ್ಗೀಕರಣವು ಪುಸ್ತಕವಾಗಿ ಪ್ರಕಟವಾಯಿತು.

ಉದಾಹರಣೆಗೆ, 1950ರ ದಶಕದ ಭಾರತದಲ್ಲಿ ಶ್ವಾಸಕೋಶದ ಕ್ಷಯಕ್ಕೆ ಎಕ್ಸ್‌ರೇ ಚಿಕಿತ್ಸೆಯ ಕುರಿತು ನಡೆದ ಸಂಶೋಧನೆಯ ಗ್ರಂಥವನ್ನು ತೆಗೆದುಕೊಳ್ಳಬಹುದು. ಈ ಪದ್ಧತಿಯಲ್ಲಿ ವೈದ್ಯಶಾಸ್ತ್ರಕ್ಕೆ ಎಲ್ ಅಕ್ಷರ, ಶ್ವಾಸಕೋಶಕ್ಕೆ 45, ಕ್ಷಯಕ್ಕೆ 421, ಚಿಕಿತ್ಸೆಗೆ 6, ಎಕ್ಸ್‌ರೇಗೆ 253, ಸಂಶೋಧನೆಗೆ ಎಫ್, ಭಾರತಕ್ಕೆ 44, ಕಾಲಕ್ಕೆ ಎನ್5. ಇವುಗಳ ಜೋಡಣೆಯೇ ಪುಸ್ತಕದ ಸಂಖ್ಯೆ. ಇಷ್ಟು ಸೂಕ್ಷ್ಮವಾದ ವಿಷಯಕ್ಕೆ ಯಾರೂ ಮೊದಲೇ ಜಾಗ ಮಾಡಿಡಬೇಕಾಗಿಲ್ಲ. ವಿಷಯದ ಈ ಮುಖಗಳನ್ನು ಅವರು ಕ್ರಮೇಣ ಐದು ಮೂಲ ವರ್ಗಗಳಿಗೆ ಇಳಿಸಿದರು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ.

ತಾಯಿ ಟೇಬಲ್, ಮಕ್ಕಳ ಟೇಬಲ್

ಈ ವ್ಯವಸ್ಥೆಯ ಬೆಲೆಯನ್ನು ಇಂದಿನ ಡೇಟಾಬೇಸಿನ ಮೂಲಕ ಸುಲಭವಾಗಿ ಅರಿಯಬಹುದು. ಜ್ಯಾಂಗೋ ಎಂಬ ಜನಪ್ರಿಯ ವೆಬ್ ಫ್ರೇಮ್‌ವರ್ಕ್ ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಜರ್ನಲ್-ವರ್ಲ್ಡ್ ಎಂಬ ದಿನಪತ್ರಿಕೆಯ ಕಚೇರಿಯಲ್ಲಿ, 2003ರಲ್ಲಿ. 2005ರಲ್ಲಿ ಅದು ಸಾರ್ವಜನಿಕರಿಗೆ ಮುಕ್ತವಾಯಿತು. ಇದರಲ್ಲಿ ಪ್ರತಿ ಬಗೆಯ ದಾಖಲೆಗೂ ಒಂದು ಮಾಡೆಲ್ ಬರೆಯಬೇಕು. ಅದಕ್ಕೆ ತಕ್ಕ ಟೇಬಲ್ ಡೇಟಾಬೇಸಿನಲ್ಲಿ ಸಿದ್ಧವಾಗುತ್ತದೆ.

ಊರಿನ ಗ್ರಂಥಾಲಯವೊಂದಕ್ಕೆ ಕ್ಯಾಟಲಾಗ್ ಮಾಡಬೇಕೆನ್ನಿ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು ಒಂದು ಪುಸ್ತಕ. 1843ರಲ್ಲಿ ಇಲ್ಲಿಯೇ ಹೊರಟ ಮಂಗಳೂರ ಸಮಾಚಾರ ಒಂದು ಪತ್ರಿಕೆ. ಜತೆಗೆ ತಾಳೆಗರಿಯ ಕಟ್ಟುಗಳೂ ಇರಬಹುದು. ಶೀರ್ಷಿಕೆ, ಭಾಷೆ, ದಾಖಲೆ ಸಂಖ್ಯೆ ಇವು ಮೂರಕ್ಕೂ ಸಮಾನ. ಸಂಚಿಕೆಯ ದಿನಾಂಕ ಪತ್ರಿಕೆಗೆ ಮಾತ್ರ, ಗರಿಗಳ ಎಣಿಕೆ ತಾಳೆಗರಿಗೆ ಮಾತ್ರ. ಸಮಾನ ಅಂಶಗಳನ್ನು ಮೂರು ಕಡೆ ಮತ್ತೆ ಮತ್ತೆ ಬರೆಯದೆ, ತಾಯಿ ಮಾಡೆಲ್ ಒಂದರಲ್ಲಿ ಬರೆದು ಮಕ್ಕಳು ಅದನ್ನು ಪಡೆಯುವಂತೆ ಮಾಡುವುದೇ ಇನ್‌ಹೆರಿಟೆನ್ಸ್. ಜ್ಯಾಂಗೋ ಇದಕ್ಕೆ ಮೂರು ದಾರಿಗಳನ್ನು ಕೊಡುತ್ತದೆ.

ಮೊದಲನೆಯದು ಅಮೂರ್ತ ತಾಯಿ. ತುಳುನಾಡಿನ ಬಳಿಯನ್ನು ಹೋಲುವ ಏರ್ಪಾಡು ಇದು. ಬಳಿಗೆ ತನ್ನದೇ ಮನೆಯಿಲ್ಲ, ಆದರೆ ಅದರ ಹೆಸರು ಪ್ರತಿ ಮನೆಗೂ ಹರಿದು ಬರುತ್ತದೆ. ಇಲ್ಲಿ ತಾಯಿಗೆ ಟೇಬಲ್ ಇರುವುದಿಲ್ಲ. ಅವಳ ಅಂಶಗಳು ಪ್ರತಿ ಮಗುವಿನ ಟೇಬಲ್ಲಿನಲ್ಲೂ ಮೂಡುತ್ತವೆ. ಓದುವುದು ವೇಗ. ಆದರೆ ಗ್ರಂಥಾಲಯದಲ್ಲಿರುವ ಎಲ್ಲ ಬಗೆಯ ಕೃತಿಗಳ ಪಟ್ಟಿಯನ್ನು ಒಮ್ಮೆಗೇ ಕೇಳಲು ತಾಯಿಯ ಬಳಿ ಏನೂ ಇಲ್ಲ.

ಎರಡನೆಯದು ಗುತ್ತಿನ ಮನೆಯಂತೆ. ಸಾಮಾನ್ಯ ಆಸ್ತಿ ಹಿರಿಯ ಮನೆಯಲ್ಲಿರುತ್ತದೆ, ಪ್ರತಿ ಕವರು ತನ್ನದಷ್ಟನ್ನೇ ಪ್ರತ್ಯೇಕವಾಗಿ ಇರಿಸಿಕೊಳ್ಳುತ್ತದೆ. ತಾಯಿಗೂ ಮಕ್ಕಳಿಗೂ ಬೇರೆ ಬೇರೆ ಟೇಬಲ್, ನಡುವೆ ಒಂದಕ್ಕೊಂದರ ಕೊಂಡಿ. ಎಲ್ಲ ಕೃತಿಗಳ ಪಟ್ಟಿ ತಾಯಿಯಲ್ಲಿಯೇ ಸಿಗುತ್ತದೆ. ಆದರೆ ಒಂದು ತಾಳೆಗರಿಯ ಪೂರ್ಣ ವಿವರ ಬೇಕೆಂದರೆ ಎರಡು ಟೇಬಲ್ಲುಗಳನ್ನು ಜೋಡಿಸಬೇಕು. ದಾಖಲೆಗಳು ಲಕ್ಷ ದಾಟಿದಾಗ ಈ ಓಡಾಟ ಭಾರವಾಗಬಹುದು. ಮೂರನೆಯದು ಪ್ರಾಕ್ಸಿ. ಟೇಬಲ್ ಒಂದೇ, ನಡವಳಿಕೆ ಮಾತ್ರ ಬೇರೆ. ಹೊಸ ಅಂಶವನ್ನು ಸೇರಿಸುವಂತಿಲ್ಲ, ಅದೇ ದಾಖಲೆಯನ್ನು ಬೇರೆ ಕ್ರಮದಲ್ಲಿ ನೋಡಬಹುದು.

ರಂಗನಾಥನ್ ಕಂಡುಕೊಂಡ ಮಾರ್ಗ

ಒಂದು ವರ್ಗವು ಇನ್ನೊಂದರ ಗುಣಗಳನ್ನು ಪಡೆಯುವ ಕ್ರಮವನ್ನು ಕಂಪ್ಯೂಟರ್ ಭಾಷೆಗೆ ತಂದವರು ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನಿಗಾರ್ಡ್. ಸಿಮುಲಾ ಭಾಷೆಯಲ್ಲಿ ಅದು ಬಂದದ್ದು 1967ರಲ್ಲಿ. ಡೇಟಾಬೇಸನ್ನು ಟೇಬಲ್ಲುಗಳಾಗಿ ಜೋಡಿಸುವ ಸಿದ್ಧಾಂತವನ್ನು ಎಡ್ಗರ್ ಕಾಡ್ ಮಂಡಿಸಿದ್ದು 1970ರಲ್ಲಿ. ರಂಗನಾಥನ್ ಅವರ ಪದ್ಧತಿ ಅದಕ್ಕೆ ದಶಕಗಳಷ್ಟು ಹಿಂದಿನದು. ಅವರು ಕಂಪ್ಯೂಟರಿಗಾಗಿ ಬರೆದವರಲ್ಲ, ಕಪಾಟಿಗಾಗಿ ಬರೆದವರು. ಆದರೂ ಈ ಎಲ್ಲ ದಾರಿಗಳ ನೆರಳು ಅವರಲ್ಲಿ ಕಾಣುತ್ತದೆ.

ಅವರ ಪದ್ಧತಿಯಲ್ಲಿ ಸಾಮಾನ್ಯ ಅಂಶಗಳ ಒಂದು ಪಟ್ಟಿಯಿದೆ. ವಿಶ್ವಕೋಶಕ್ಕೆ ಕೆ, ನಿಯತಕಾಲಿಕಕ್ಕೆ ಎಂ, ಇತಿಹಾಸಕ್ಕೆ ವಿ, ಜೀವನಚರಿತ್ರೆಗೆ ಡಬ್ಲ್ಯು. ಇವು ಯಾವ ಒಂದು ವಿಷಯದ ಸ್ವತ್ತೂ ಅಲ್ಲ. ಗಣಿತವಿರಲಿ, ಕೃಷಿಯಿರಲಿ, ಸಂಗೀತವಿರಲಿ, ಎಲ್ಲಕ್ಕೂ ಅದೇ ಅಕ್ಷರವನ್ನು ಅಂಟಿಸಬಹುದು. ಅಮೂರ್ತ ತಾಯಿಯ ಕೆಲಸವೂ ಇದೇ.

ವೈದ್ಯಶಾಸ್ತ್ರದ ವರ್ಗದಲ್ಲಿ ಸಾಮ್ಯ ಇನ್ನೂ ಸ್ಪಷ್ಟ. ಅಂಗ, ರೋಗ, ಚಿಕಿತ್ಸೆ ಎಂಬ ಮುಖಗಳನ್ನು ವೈದ್ಯಶಾಸ್ತ್ರಕ್ಕೆ ಒಮ್ಮೆ ಗೊತ್ತುಪಡಿಸಿದ ಮೇಲೆ ಆಯುರ್ವೇದಕ್ಕೂ ಮಕ್ಕಳ ವೈದ್ಯಕ್ಕೂ ಅವನ್ನು ಹೊಸದಾಗಿ ಬರೆಯಲಿಲ್ಲ. ಮೂಲ ಅಕ್ಷರಕ್ಕೆ ಒಂದು ಗುರುತನ್ನು ಸೇರಿಸಿದರೆ ಸಾಕು, ಅಂಗಾಂಗಗಳ ಪಟ್ಟಿಯೂ ರೋಗಗಳ ಪಟ್ಟಿಯೂ ತಾಯಿ ವರ್ಗದಿಂದ ತಾನಾಗಿ ಇಳಿದು ಬರುತ್ತದೆ. ಆಯುರ್ವೇದದಲ್ಲಿ ಕ್ಷಯವೆಂದರೂ ಮಕ್ಕಳಲ್ಲಿ ಕ್ಷಯವೆಂದರೂ ರೋಗದ ಅಂಕೆ ಬದಲಾಗದು.

ಆದರೆ ಅವರ ನಿಜವಾದ ಪಾಠ ಇದಕ್ಕಿಂತ ಆಚೆಗಿದೆ. ಎಲ್ಲ ಸಂಬಂಧವನ್ನೂ ತಾಯಿ ಮಕ್ಕಳ ಸಂಬಂಧವೆಂದು ತಿಳಿಯಬಾರದು ಎಂಬುದೇ ಆ ಪಾಠ. ಆಯುರ್ವೇದವು ವೈದ್ಯದ ಒಂದು ಬಗೆ. ಆದ್ದರಿಂದ ಅದು ವೈದ್ಯದ ಮಗು. ಆದರೆ ತುಳುನಾಡು ಯಕ್ಷಗಾನದ ಒಂದು ಬಗೆಯಲ್ಲ, ಅದು ಯಕ್ಷಗಾನ ನಡೆಯುವ ದೇಶ. 20ನೇ ಶತಮಾನವೂ ಹಾಗೆಯೇ, ಅದು ಕಾಲ. ತುಳುನಾಡಿನ ಯಕ್ಷಗಾನ, 20ನೇ ಶತಮಾನದ ಯಕ್ಷಗಾನ ಎಂದು ಒಂದರ ಕೆಳಗೊಂದು ಮಕ್ಕಳನ್ನು ಹುಟ್ಟಿಸುತ್ತ ಹೋದರೆ ಮರಕ್ಕೆ ಕೊನೆಯೇ ಇರದು. ದೇಶ ಕಾಲಗಳನ್ನು ಪ್ರತ್ಯೇಕ ಮುಖಗಳಾಗಿ ಇರಿಸಿ, ಬೇಕಾದಾಗ ಜೋಡಿಸಿದರೆ ಸಾಲುತ್ತದೆ. ಡೇಟಾಬೇಸ್ ಕಟ್ಟುವವರು ಇನ್‌ಹೆರಿಟೆನ್ಸ್ ಬದಲು ಪ್ರತ್ಯೇಕ ಟೇಬಲ್ಲಿನ ಕೊಂಡಿಯನ್ನು ಆರಿಸಿಕೊಳ್ಳಬೇಕಾದುದು ಇಂಥ ಕಡೆಗಳಲ್ಲಿಯೇ.

ಕೆಲಸವು ಮೂರು ನೆಲೆಗಳಲ್ಲಿ ನಡೆಯುತ್ತದೆಂದು ಅವರು ವಿವರಿಸಿದರು: ವಿಚಾರದ ನೆಲೆ, ಹೆಸರಿನ ನೆಲೆ, ಸಂಕೇತದ ನೆಲೆ. ವಿಚಾರವು ಮೊದಲು ಸ್ಪಷ್ಟವಾಗಬೇಕು, ಸಂಕೇತವು ಅದರ ಸೇವಕನಾಗಿರಬೇಕು ಎಂಬುದು ಅವರ ನಿಲುವು. ಟೇಬಲ್ಲುಗಳ ರಚನೆಗೆ ಕೈಹಾಕುವ ಮುನ್ನ ವಸ್ತುಗಳ ಸಂಬಂಧವನ್ನು ಅರಿಯಬೇಕೆಂಬ ತತ್ವವೂ ಇದೇ ಆಗಿದೆ.

ಎಡವಿದ್ದೆಲ್ಲಿ

ರಂಗನಾಥನ್ ಅವರ ಪದ್ಧತಿಯು ಕಪಾಟುಗಳನ್ನು ಗೆಲ್ಲಲಿಲ್ಲ ಎಂಬುದನ್ನು ಮರೆಮಾಚುವಂತಿಲ್ಲ. ಭಾರತದ ಬಹುಪಾಲು ಗ್ರಂಥಾಲಯಗಳು ಡ್ಯೂಯಿ ಪದ್ಧತಿಯಲ್ಲಿಯೇ ಉಳಿದವು. ಸಂಖ್ಯೆಗಳು ಉದ್ದವಾದವು, ಚಿಹ್ನೆಗಳು ಹೆಚ್ಚಿದವು. ಅದಕ್ಕಿಂತ ದೊಡ್ಡ ತೊಡಕೆಂದರೆ ಆವೃತ್ತಿಯಿಂದ ಆವೃತ್ತಿಗೆ ಆದ ಬದಲಾವಣೆ. ಆರಂಭದಲ್ಲಿ ಎಲ್ಲ ಮುಖಗಳಿಗೂ ದ್ವಿಬಿಂದುವೇ ಕೊಂಡಿಯಾಗಿತ್ತು. 1952ರ ನಾಲ್ಕನೆಯ ಆವೃತ್ತಿಯಲ್ಲಿ ಮುಖಗಳಿಗೆ ಬೇರೆ ಬೇರೆ ಚಿಹ್ನೆಗಳು ಬಂದವು. ತತ್ವದ ದೃಷ್ಟಿಯಿಂದ ಅದು ಸುಧಾರಣೆ. ಆದರೆ ಹಳೆಯ ಸಂಖ್ಯೆ ಬರೆದಿಟ್ಟ ಸಾವಿರಾರು ಪುಸ್ತಕಗಳ ಬೆನ್ನನ್ನು ತಿದ್ದಬೇಕಾದವರು ಸಿಬ್ಬಂದಿ. ಅವರ ನಿಧನಾನಂತರ 1987ರಲ್ಲಿ ಬಂದ ಏಳನೆಯ ಆವೃತ್ತಿಯಲ್ಲೂ ಬದಲಾವಣೆಗಳು ಹೇರಳವಾಗಿದ್ದವು.

ಡೇಟಾಬೇಸಿಗೂ ಇದೇ ಅಪಾಯವಿದೆ. ಮೂರು ದಾರಿಗಳಲ್ಲಿ ಯಾವುದು ಸೂಕ್ತ ಎಂಬ ಆಯ್ಕೆಯನ್ನು ಮೊದಲ ದಿನ ಐದು ನಿಮಿಷದಲ್ಲಿ ಮಾಡಬಹುದು. ದಾಖಲೆಗಳು ತುಂಬಿದ ಬಳಿಕ ಅಮೂರ್ತ ತಾಯಿಯನ್ನು ಟೇಬಲ್ ಉಳ್ಳ ತಾಯಿಯನ್ನಾಗಿ ಬದಲಿಸುವುದೆಂದರೆ ಪ್ರತಿ ಸಾಲನ್ನೂ ಸ್ಥಳಾಂತರಿಸಬೇಕು, ಹಳೆಯ ಕೊಂಡಿಗಳನ್ನು ಕಾಯಬೇಕು. ನಡುವೆ ತಪ್ಪಿದರೆ ಕಳೆದುಹೋಗುವುದು ಯಾರದೋ ಅಂಕಪಟ್ಟಿ, ಯಾರದೋ ಪಿಂಚಣಿ ಕಡತ, ಯಾರದೋ ಜಮೀನಿನ ದಾಖಲೆ. ಕಪಾಟಿನಲ್ಲಿ ತಪ್ಪು ಸ್ಥಳದಲ್ಲಿಟ್ಟ ಪುಸ್ತಕವು ಇಲ್ಲದ ಪುಸ್ತಕಕ್ಕೆ ಸಮ ಎಂಬುದನ್ನು ಗ್ರಂಥಪಾಲಕರು ಬಲ್ಲರು.

ಕಪಾಟಿನಲ್ಲಿ ಸೋತ ವಿಚಾರವು ಬೇರೆಡೆ ಗೆದ್ದಿತು. ವರ್ಗಸಂಖ್ಯೆಯ ಸರಪಳಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ವಿಷಯಸೂಚಿ ತಯಾರಿಸುವ ಅವರ ಸರಪಳಿ ವಿಧಾನವನ್ನು 1950ರಲ್ಲಿ ಆರಂಭವಾದ ಬ್ರಿಟಿಷ್ ರಾಷ್ಟ್ರೀಯ ಗ್ರಂಥಸೂಚಿ ಅಳವಡಿಸಿಕೊಂಡಿತು. 1952ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ವರ್ಗೀಕರಣ ಸಂಶೋಧನಾ ತಂಡವು ಅವರ ಮುಖ ವಿಶ್ಲೇಷಣೆಯನ್ನು ಮುಂದುವರಿಸಿತು. ಇಂದು ಆನ್‌ಲೈನ್ ಅಂಗಡಿಯಲ್ಲಿ ಸೀರೆ ಹುಡುಕುವಾಗ ಬಣ್ಣ, ಬಟ್ಟೆ, ಬೆಲೆ ಎಂದು ಪಕ್ಕದ ಪಟ್ಟಿಯಲ್ಲಿ ಬೇರೆ ಬೇರೆಯಾಗಿ ಗುರುತು ಹಾಕುವ ಕ್ರಮವು ಅದೇ ವಿಚಾರದ ಬಳಕೆ.

ಕಾನೂನಿಗೂ ಒಂದು ಮಾದರಿ

ಸಿದ್ಧಾಂತದಷ್ಟೇ ಓದುಗನ ಹಿತವೂ ರಂಗನಾಥನ್ ಅವರಿಗೆ ಮುಖ್ಯವಾಗಿತ್ತು. ಮದ್ರಾಸಿನಲ್ಲಿ ಅವರು ಓದುಗರನ್ನು ನೇರವಾಗಿ ಕಪಾಟಿನ ಬಳಿಗೆ ಬಿಟ್ಟರು, ಗ್ರಂಥಾಲಯ ತೆರೆದಿರುವ ವೇಳೆಯನ್ನು ವಿಸ್ತರಿಸಿದರು. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘದ ಸ್ಥಾಪನೆಯಲ್ಲಿ ಮುಂದಾಳುವಾದರು. ಅದೇ ವರ್ಷ ಪತ್ನಿ ರುಕ್ಮಿಣಿ ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ಶಾರದಾ ಅವರನ್ನು ವಿವಾಹವಾದರು. 1931ರಲ್ಲಿ ಪ್ರಕಟವಾದ ಪಂಚಸೂತ್ರಗಳ ಗ್ರಂಥದಲ್ಲಿ ಪುಸ್ತಕ ಬಳಕೆಯಾಗಬೇಕು, ಓದುಗನ ಸಮಯ ಉಳಿಯಬೇಕು, ಗ್ರಂಥಾಲಯ ಬೆಳೆಯುತ್ತಲೇ ಇರುವುದೆಂಬುದನ್ನು ಅರಿತು ಏರ್ಪಾಡು ಮಾಡಬೇಕು ಎಂಬ ವಿಚಾರಗಳನ್ನು ಪ್ರತಿಪಾದಿಸಿದರು. ಅದೇ ವರ್ಷ ಮನ್ನಾರ್‌ಗುಡಿ ಪರಿಸರದ ಹಳ್ಳಿಗಳಿಗೆ ಎತ್ತಿನ ಗಾಡಿಯ ಗ್ರಂಥಾಲಯ ಹೊರಟಿತು.

ಎರಡು ದಶಕಗಳ ಸೇವೆಯ ಬಳಿಕ ಆಡಳಿತದೊಂದಿಗೆ ಭಿನ್ನಾಭಿಪ್ರಾಯ ಬಂದು ಅವರು ಮದ್ರಾಸಿನ ಹುದ್ದೆ ತೊರೆದರು. 1945ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯ ಸೇರಿ, ಅಲ್ಲಿನ ಸುಮಾರು 1 ಲಕ್ಷ ಪುಸ್ತಕಗಳನ್ನು ಸ್ವತಃ ವರ್ಗೀಕರಿಸಿದರು. 1947ರಿಂದ ದಿಲ್ಲಿ ವಿಶ್ವವಿದ್ಯಾನಿಲಯದಲ್ಲಿ ಬೋಧಿಸಿದರು. ಬಳಿಕ ಕೆಲ ಕಾಲ ಜ್ಯೂರಿಕ್‌ನಲ್ಲಿದ್ದರು. ಜೀವಮಾನದ ಉಳಿತಾಯದಿಂದ 1 ಲಕ್ಷ ರೂ.ಗಳನ್ನು ಪತ್ನಿಯ ಹೆಸರಿನ ಪೀಠಕ್ಕಾಗಿ ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ನೀಡಿದರು.

ಕಾನೂನಿನಲ್ಲಿಯೂ ಅವರು ಮಾದರಿಯ ದಾರಿಯನ್ನೇ ಹಿಡಿದರು. ಗ್ರಂಥಾಲಯ ಮಸೂದೆಯ ಮಾದರಿಯೊಂದನ್ನು 1930ರಲ್ಲಿ ಬನಾರಸಿನ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದ ಮುಂದಿರಿಸಿದರು. ಪ್ರತಿ ಪ್ರಾಂತವೂ ಅದನ್ನು ಪಡೆದು ತನ್ನ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದಾಗಿತ್ತು. 1948ರಲ್ಲಿ ಮದ್ರಾಸ್ ಕಾಯಿದೆ ಜಾರಿಗೆ ಬಂತು. ಆಗ ಮಂಗಳೂರು ಇನ್ನೂ ಆ ಪ್ರಾಂತದಲ್ಲಿಯೇ ಇತ್ತು. 1965ರಲ್ಲಿ ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ ರೂಪುಗೊಂಡಿತು. ಆಸ್ತಿ ತೆರಿಗೆಯ ಜತೆ ಸಂಗ್ರಹವಾಗುವ ಗ್ರಂಥಾಲಯ ಕರವು ಆ ಕಾಯಿದೆಯ ಫಲ.

ಅಷ್ಟರಲ್ಲಿ ರಂಗನಾಥನ್ ಬೆಂಗಳೂರಿನಲ್ಲಿ ನೆಲೆಸಿದ್ದರು. 1957ರಲ್ಲಿ ಪದ್ಮಶ್ರೀ ಪ್ರಶಸ್ತಿ, 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕ ಪದವಿ ಅವರಿಗೆ ಸಂದವು. 1967ರಲ್ಲಿ ಗಣಿತಜ್ಞ ರಾಮಾನುಜನ್ ಅವರ ಕುರಿತು ಪುಸ್ತಕ ಬರೆದು ತಮ್ಮ ಮೊದಲ ವಿಷಯದ ಋಣ ತೀರಿಸಿದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಆಗಸ್ಟ್ 12ನ್ನು ದೇಶದೆಲ್ಲೆಡೆ ಗ್ರಂಥಪಾಲಕರ ದಿನವಾಗಿ ಆಚರಿಸಲಾಗುತ್ತಿದೆ.

1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಅವರು ಬೆಂಗಳೂರಿನಲ್ಲಿ ಆರಂಭಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಮೈಸೂರು ರಸ್ತೆಯ ಆವರಣದಲ್ಲಿ ಇಂದಿಗೂ ಕೆಲಸ ಮಾಡುತ್ತಿದೆ. ಪುಸ್ತಕದ ಕಾರ್ಡುಗಳನ್ನು ಜೋಡಿಸಲು ಕಲಿಸಿದ ಆ ಕೇಂದ್ರದಲ್ಲಿ ಈಗಿನ ವಿದ್ಯಾರ್ಥಿಗಳು ಕಂಪ್ಯೂಟರಿನ ದತ್ತಾಂಶವನ್ನು ಜೋಡಿಸುವುದನ್ನು ಕಲಿಯುತ್ತಿದ್ದಾರೆ.